ಒಂದೇ ಹಿತ್ತಲು, ಎರಡು ಕುಲ

(ಬಾನುಲಿ ಭಾಷಣ)



ನಮ್ಮ ಕಾವ್ಯಗಳಲ್ಲಿ ಹಂಸಕ್ಕೆ ದೊರೆತ ಮನ್ನಣೆ ಅದರ ದಾಯಾದಿಯಾದ ಬಾತಿಗೆ ದೊರೆಯಲಿಲ್ಲ. ಹಂಸವು ಹಾಲನ್ನೂ ನೀರನ್ನೂ ಬೇರ್ಪಡಿಸಿತು, ದಮಯಂತಿಯ ಬಳಿಗೆ ಹೋಗಿ ನಳನ ಗುಣಗಾನ ಮಾಡಿತು, ದೇವತೆಗಳಿಗೆ ವಾಹನವಾಯಿತು. ಬಾತು ಮಾತ್ರ ಬಚ್ಚಲ ನೀರು ಹರಿಯುವ ಕಡೆ ಕೊಕ್ಕು ಅದ್ದಿಕೊಂಡು ಉಳಿಯಿತು. ಕೋಳಿಯ ಪಾಡೂ ಬಹಳ ಭಿನ್ನವಲ್ಲ. ಬೆಳಗಾಯಿತೆಂದು ಸಾರುವ ಹುಂಜವನ್ನು ಕವಿಗಳು ಆಗಾಗ ನೆನೆದಿದ್ದಾರೆ. ದಿನವಿಡೀ ತಿಪ್ಪೆ ಕೆದರಿ ಮನೆಗೆ ಮೊಟ್ಟೆ ಕೊಡುವ ಹೇಟೆಯನ್ನು ನೆನೆದವರು ಕಡಿಮೆ. ಹೀಗೆ ಸಾಹಿತ್ಯದಲ್ಲಿ ತಕ್ಕ ಜಾಗ ಸಿಗದ ಈ ಎರಡು ಹಕ್ಕಿಗಳನ್ನು ಒಂದೇ ಹಿತ್ತಲಿನಲ್ಲಿ ಸಾಕಿದ ಅನುಭವವನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಅದರಿಂದ ನನಗೆ ಬಂದ ಲಾಭ ಅಲ್ಪ, ನಾನು ಮಾಡಿದ ತಪ್ಪುಗಳು ಹಲವು. ಕಲಿತದ್ದೆಲ್ಲ ತಪ್ಪುಗಳಿಂದಲೇ ಆದ್ದರಿಂದ ಅವನ್ನೇ ಹೇಳುತ್ತೇನೆ.

ನಾನು ಮೇಷ್ಟರಾಗಿದ್ದವನು. ನಿವೃತ್ತನಾದ ಮೇಲೆ ಮಂಡ್ಯ ಜಿಲ್ಲೆಯ ಒಂದು ಸಣ್ಣ ಊರಿನ ಅಂಚಿನಲ್ಲಿ ನೆಲೆಸಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಬೆಳೆಯುವ ಗದ್ದೆಗಳು ನಮ್ಮ ಹಿತ್ತಲಿನ ಬೇಲಿಯವರೆಗೂ ಬಂದು ನಿಂತಿವೆ. ಹಿತ್ತಲಿನಲ್ಲಿ ಒಂದು ಬಾವಿ, ಒಗೆಯುವ ಕಲ್ಲು, ನಾಲ್ಕಾರು ಬಾಳೆ, ಒಂದು ನುಗ್ಗೆಮರ. ನನ್ನ ಹೆಂಡತಿ ಆರು ನಾಟಿ ಹೇಟೆಗಳನ್ನೂ ಒಂದು ಹುಂಜವನ್ನೂ ಸಾಕಿಕೊಂಡಿದ್ದಳು. ಅಷ್ಟಕ್ಕೆ ತೃಪ್ತರಾಗಿದ್ದರೆ ಈ ಭಾಷಣಕ್ಕೆ ವಿಷಯವೇ ಇರುತ್ತಿರಲಿಲ್ಲ.

ಒಂದು ಸಂಕ್ರಾಂತಿಯ ಹೊತ್ತಿಗೆ, ಕೊಯ್ಲಾದ ಗದ್ದೆಗಳಲ್ಲಿ ಬಾತು ಮೇಯಿಸುವವರು ಬಂದು ಬೀಡುಬಿಟ್ಟರು. ಪಕ್ಕದ ರಾಜ್ಯದಿಂದ ನೂರಾರು ಬಾತುಗಳನ್ನು ಹೊಡೆದುಕೊಂಡು ಬರುವ ಈ ಸಂಸಾರಗಳಿಗೆ ಮನೆ, ಅಂಗಡಿ ಎಲ್ಲವೂ ಆ ಹಿಂಡೇ. ಗದ್ದೆಯಲ್ಲಿ ಉದುರಿದ ಭತ್ತ, ಬಸವನಹುಳು, ಏಡಿಮರಿ ಇವೇ ಹಿಂಡಿನ ಆಹಾರ. ನನ್ನ ಹೆಂಡತಿ ಅವರಲ್ಲಿಗೆ ಹೋಗಿ ಏಳು ಮೊಟ್ಟೆಗಳನ್ನು ತಂದಳು. ಮೊಟ್ಟೆ ಕೊಟ್ಟಾಕೆ ಹೇಳಿಕಳಿಸಿದ ಮಾತು ಒಂದೇ: “ಅಕ್ಕಾ, ನಮ್ಮ ಬಾತು ಕಾವು ಕೂರೋದಿಲ್ಲ. ನಿಮ್ಮ ಕೋಳಿ ಕೆಳಗೆ ಇಡಿ. ಕೋಳಿಮರಿಗಿಂತ ಒಂದು ವಾರ ತಡ ಆಗ್ತದೆ, ಬೇಜಾರು ಮಾಡ್ಕೋಬೇಡಿ.”

ಆ ಮಾತು ನಿಜ. ಹೆಚ್ಚು ಮೊಟ್ಟೆಯಿಡಲೆಂದು ಮನುಷ್ಯ ಆರಿಸಿ ಬೆಳೆಸಿದ ಬಾತಿನ ತಳಿಗಳಿಗೆ ಕಾವು ಕೂರುವ ಬುದ್ಧಿ ಬಹುಮಟ್ಟಿಗೆ ಕಳೆದುಹೋಗಿದೆ. ಇಂಥ ತಳಿಗಳಲ್ಲಿ ಪ್ರಸಿದ್ಧವಾದದ್ದು ಖಾಕಿ ಕ್ಯಾಂಪ್‌ಬೆಲ್. ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿ ಅಡೀಲ್ ಕ್ಯಾಂಪ್‌ಬೆಲ್ ಎಂಬ ಗೃಹಿಣಿ 19ನೆಯ ಶತಮಾನದ ಕೊನೆಯಲ್ಲಿ ಇದನ್ನು ರೂಪಿಸಲು ತೊಡಗಿದಳು. ಆಕೆ ಬಳಸಿದ ತಳಿಗಳಲ್ಲಿ ಒಂದರ ಹೆಸರು ಇಂಡಿಯನ್ ರನ್ನರ್; ಹೆಸರಿನಲ್ಲಿ ಇಂಡಿಯಾ ಇದ್ದರೂ ಅದರ ತವರು ಇಂಡೊನೇಷ್ಯಾದ ದ್ವೀಪಗಳು. ಚೆನ್ನಾಗಿ ಸಾಕಿದ ಖಾಕಿ ಕ್ಯಾಂಪ್‌ಬೆಲ್ ವರ್ಷಕ್ಕೆ 300ರಷ್ಟು ಮೊಟ್ಟೆ ಇಡಬಲ್ಲದು. ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಸಂಸ್ಥೆಯ ಮೂಲಕ ನಮ್ಮ ರೈತರಿಗೂ ಅದು ಪರಿಚಿತವಾಗಿದೆ. ಮುನ್ನೂರು ಮೊಟ್ಟೆ ಇಡುವ ತಾಯಿಗೆ ಒಂದರ ಮೇಲೂ ಕೂರಲು ಬಿಡುವಿಲ್ಲ. ಆ ಕೆಲಸ ನಮ್ಮ ನಾಟಿಕೋಳಿಯ ಪಾಲಿಗೆ ಬಂತು.

ಕೋಳಿಮೊಟ್ಟೆ 21 ದಿನಕ್ಕೆ ಮರಿಯಾದರೆ ಬಾತಿನ ಮೊಟ್ಟೆಗೆ 28 ದಿನ ಬೇಕು. ನಮ್ಮ ಕೆಂಪು ಹೇಟೆಗೆ ಈ ಲೆಕ್ಕ ತಿಳಿಯದು. ಇಪ್ಪತ್ತೊಂದು ದಿನ ಕಳೆದರೂ ಮೊಟ್ಟೆಯೊಳಗಿಂದ ಸದ್ದಿಲ್ಲ. ಅದು ಏಳಲಿಲ್ಲ, ಮೈ ಬಡಕಲಾದರೂ ಕೂತೇ ಇತ್ತು. ನನ್ನ ಹೆಂಡತಿ ದಿನಕ್ಕೊಮ್ಮೆ ಅದನ್ನು ಬಲವಂತವಾಗಿ ಎಬ್ಬಿಸಿ ಕಾಳು ನೀರು ಕೊಡುತ್ತಿದ್ದಳು. ಆ ಹೊತ್ತಿನಲ್ಲಿ ಮೊಟ್ಟೆಗಳ ಮೇಲೆ ಉಗುರುಬೆಚ್ಚನೆಯ ನೀರು ಚಿಮುಕಿಸುತ್ತಿದ್ದಳು. ಇಪ್ಪತ್ತೆಂಟನೆಯ ದಿನ ಏಳರಲ್ಲಿ ಐದು ಮರಿಗಳು ಹೊರಬಂದವು. ಹಳದಿ ಮೈ, ಚಪ್ಪಟೆ ಕೊಕ್ಕು, ಬೆರಳುಗಳ ನಡುವೆ ಚರ್ಮ. ಹೇಟೆ ಅವುಗಳನ್ನು ಸ್ವಲ್ಪ ಹೊತ್ತು ದಿಟ್ಟಿಸಿತು. ಆಮೇಲೆ ರೆಕ್ಕೆ ಅಗಲಿಸಿ ಒಳಗೆ ಸೇರಿಸಿಕೊಂಡಿತು.

ಹುಟ್ಟಿದೊಡನೆ ಕಂಡು ಕೇಳಿದ ಜೀವವನ್ನೇ ಮರಿಗಳು ತಾಯಿಯೆಂದು ಬಗೆದು ಹಿಂಬಾಲಿಸುತ್ತವೆ. ಕೋಳಿಮರಿಗಳ ಈ ಗುಣವನ್ನು ಡಗ್ಲಸ್ ಸ್ಪಾಲ್ಡಿಂಗ್ ಎಂಬ ಆಂಗ್ಲ ವಿದ್ವಾಂಸ 1873ರಲ್ಲಿಯೇ ಬಣ್ಣಿಸಿದ್ದ. ಅದನ್ನು ಜಗತ್ತಿಗೆಲ್ಲ ಪರಿಚಯಿಸಿದವನು ಆಸ್ಟ್ರಿಯಾದ ಕಾನ್ರಾಡ್ ಲೊರೆಂಜ್. 1973ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಮೂವರಲ್ಲಿ ಒಬ್ಬ. ಕಾಡುಬಾತಿನ ಮರಿಗಳಿಗೆ ತಾಯಿಯಾಗಲು ಆತ ತೋಟದ ಹುಲ್ಲಿನಲ್ಲಿ ಕುಕ್ಕರುಗಾಲಿನಲ್ಲಿ ತೆವಳುತ್ತ, ಎಡೆಬಿಡದೆ ಬಾತಿನಂತೆ ಕೂಗುತ್ತ ಗಂಟೆಗಟ್ಟಲೆ ನಡೆದನಂತೆ. ನಮ್ಮ ಹೇಟೆಗೆ ಆ ಕಷ್ಟವಿರಲಿಲ್ಲ. ಅದು “ಕೊಕ್ಕೊಕ್” ಎಂದರೆ ಐದೂ ಮರಿಗಳು ಸಾಲಾಗಿ ಹಿಂದೆ ಹೊರಡುತ್ತಿದ್ದವು.

ಕಷ್ಟ ಬಂದದ್ದು ಮರಿಗಳು ನೀರನ್ನು ಕಂಡಾಗ. ಒಗೆಯುವ ಕಲ್ಲಿನ ಪಕ್ಕ ಮೊಣಕಾಲುದ್ದದ ಒಂದು ಗುಂಡಿಯಿತ್ತು. ಎರಡನೆಯ ವಾರ ಒಂದು ಬೆಳಿಗ್ಗೆ ಮರಿಗಳೆಲ್ಲ ಅದರೊಳಕ್ಕೆ ಇಳಿದವು. ಹೇಟೆ ದಡದ ಮೇಲೆ ಅತ್ತಿಂದಿತ್ತ ಓಡಿತು, ಕೂಗಿತು, ಗರಿ ಕೆದರಿಕೊಂಡು ನೀರಿಗೆ ಒಂದು ಕಾಲಿಟ್ಟು ಹಿಂದೆಗೆಯಿತು. ಮರಿಗಳು ತಲೆ ಮುಳುಗಿಸಿ ಬಾಲ ಮೇಲೆ ಮಾಡಿ ಆಡುತ್ತಿದ್ದವು. ಮಕ್ಕಳನ್ನು ದೂರದ ಊರುಗಳಿಗೆ ಕಳಿಸಿ ಕೂತಿರುವ ನಾವಿಬ್ಬರೂ ಅದನ್ನು ನೋಡಿ ನಗಲಾರದೆ ಹೋದೆವು. ಅಂದೇ ನಾನೊಂದು ಪಾಠ ಕಲಿಯಬಹುದಿತ್ತು: ಒಂದೇ ಮಡಿಲಲ್ಲಿ ಬೆಳೆದರೂ ಇವು ಬೇರೆ ಕುಲದವು, ಇವುಗಳ ಅಗತ್ಯ ಬೇರೆ. ಕಲಿಯಲಿಲ್ಲ.

ಮೊದಲ ತಪ್ಪು ಮೇವಿನಲ್ಲಾಯಿತು. ಅದೇ ವೇಳೆಗೆ ಇನ್ನೊಂದು ಹೇಟೆ ಎಂಟು ಕೋಳಿಮರಿಗಳನ್ನು ಮಾಡಿತ್ತು. ಎಲ್ಲಕ್ಕೂ ಒಂದೇ ಗೂಡು, ಒಂದೇ ತಟ್ಟೆ, ಅಂಗಡಿಯಿಂದ ತಂದ ಒಂದೇ ಕೋಳಿಮರಿ ಆಹಾರ. ಪಂಕ್ತಿಭೇದ ಕೂಡದೆಂಬುದು ನನ್ನ ಮತ. ಮೂರನೆಯ ವಾರದಲ್ಲಿ ಒಂದು ಬಾತುಮರಿಯ ಕಾಲು ಬಿಲ್ಲಿನಂತೆ ಬಾಗಿತು; ಕೀಲು ಊದಿಕೊಂಡು ಅದು ನೆಲದ ಮೇಲೆ ಎದೆಯೂರಿ ತೆವಳತೊಡಗಿತು. ಪಶುವೈದ್ಯರು ನೋಡಿ, ನಯಾಸಿನ್ ಎಂಬ ಜೀವಸತ್ವದ ಕೊರತೆ ಎಂದರು. ಕೋಳಿಯು ಆಹಾರದ ಇತರ ಅಂಶದಿಂದ ಇದನ್ನು ತನ್ನ ಮೈಯಲ್ಲೇ ಒಂದಿಷ್ಟು ತಯಾರಿಸಿಕೊಳ್ಳುತ್ತದೆ. ಬಾತಿಗೆ ಆ ಶಕ್ತಿ ಕಡಿಮೆ. ಆದ್ದರಿಂದ ಬಾತುಮರಿಗೆ ಕೋಳಿಮರಿಗಿಂತ ಒಂದೂವರೆಯಿಂದ ಎರಡು ಪಟ್ಟು ನಯಾಸಿನ್ ಬೇಕು. ನೀರಿನಲ್ಲಿ ಬೆರೆಸುವ ಔಷಧವನ್ನೂ ಮೇವಿನೊಂದಿಗೆ ಯೀಸ್ಟನ್ನೂ ಕೊಟ್ಟೆವು. ಉಳಿದ ನಾಲ್ಕಕ್ಕೆ ಏನೂ ಆಗಲಿಲ್ಲ. ಐದನೆಯದು ಬದುಕಿತು, ಕುಂಟು ಮಾತ್ರ ಉಳಿಯಿತು.

ಗೂಡಿನ ಕಥೆಯೂ ಹಾಗೆಯೇ. ಬಾತುಮರಿ ಕುಡಿಯುವುದಕ್ಕಿಂತ ಚೆಲ್ಲುವುದೇ ಹೆಚ್ಚು. ಒಂದು ರಾತ್ರಿಯಲ್ಲಿ ಗೂಡಿನ ಭತ್ತದ ಹೊಟ್ಟು ಕೆಸರಾಗುತ್ತಿತ್ತು. ಕೋಳಿಮರಿಗಳಿಗೆ ತೇವವೇ ಶತ್ರು. ಒದ್ದೆ ಹಾಸಿನಲ್ಲಿ ರಕ್ತಭೇದಿ ರೋಗದ ಬೀಜಾಣು ಬಲಿಯುತ್ತದೆ. ಎಂಟರಲ್ಲಿ ಮೂರು ಮರಿಗಳನ್ನು ಅದಕ್ಕೆ ಒಪ್ಪಿಸಿದ ಮೇಲೆ ಎರಡಕ್ಕೂ ಬೇರೆ ಗೂಡು ಮಾಡಿದೆವು.

ಇನ್ನು ಹೇಳಬೇಕಾದದ್ದು ಹೇಳಲು ನಾಚಿಕೆಯಾಗುವ ಸಂಗತಿ.

ಜುಲೈ ತಿಂಗಳಲ್ಲಿ ನಮ್ಮ ಬಾತುಗಳು ಬೇಲಿ ನುಸುಳಿ ಪಕ್ಕದ ಗದ್ದೆಯವರ ಸಸಿಮಡಿಗೆ ಇಳಿದವು. ಭತ್ತದ ಎಳೆ ಸಸಿಗಳನ್ನು ತುಳಿದು ಅರ್ಧ ಮಡಿಯನ್ನು ಹಾಳುಮಾಡಿದವು. ಗದ್ದೆಯ ಯಜಮಾನರು ಬೇಲಿಯ ಬಳಿ ನಿಂತು, “ಮೇಷ್ಟ್ರೇ, ಇನ್ನೊಂದು ಕಿತ ಬಂದ್ರೆ ನಾನು ಸುಮ್ಕಿರಾಕಿಲ್ಲ” ಎಂದರು. ನಾನು ನಷ್ಟ ಕಟ್ಟಿಕೊಡುತ್ತೇನೆಂದೆ. ಅವರು ಬೇಡವೆಂದು ಹೋದರು. ಆ ಮಾತು ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು.

ಆ ಹೊತ್ತಿಗೆ ನಮ್ಮ ಬಾತುಗಳೇ ಮೊಟ್ಟೆಯಿಡಲು ತೊಡಗಿದ್ದವು. ಕೆಂಪು ಹೇಟೆ ಮತ್ತೆ ಕಾವು ಕೂತು ಸೆಪ್ಟೆಂಬರಿನಲ್ಲಿ ಆರು ಬಾತುಮರಿಗಳನ್ನು ಮಾಡಿತು. ಈ ಸಲ ನಯಾಸಿನ್ ಮರೆಯಲಿಲ್ಲ, ಗೂಡು ಬೆರಸಲಿಲ್ಲ. ನುಚ್ಚು, ತವುಡು, ಕಡಲೆಕಾಯಿ ಹಿಂಡಿ ಕಲಸಿ ಎಲ್ಲಕ್ಕೂ ನಾನೇ ಹಾಕುತ್ತಿದ್ದೆ. ಮೂರು ವಾರ ಕಳೆದ ಮೇಲೆ ಒಂದು ಮರಿ ಮೇವು ಬಿಟ್ಟಿತು, ತೂರಾಡಿತು, ತಲೆಯನ್ನು ಹಿಂದಕ್ಕೆ ಚಾಚಿ ಸತ್ತಿತು. ಮರುದಿನ ಎರಡು. ಎಂಟು ದಿನಗಳಲ್ಲಿ ಆರೂ ಹೋದವು. ಅವುಗಳೊಂದಿಗೆ ಕುಂಟುಬಾತೂ ಹೋಯಿತು. ಅದೇ ಹಿತ್ತಲಿನಲ್ಲಿ ಅದೇ ಮೇವು ತಿಂದ ಕೋಳಿಗಳಿಗೂ ಕೋಳಿಮರಿಗಳಿಗೂ ಏನೂ ಆಗಲಿಲ್ಲ.

ನನ್ನ ತರ್ಕ ಸರಳವಾಗಿತ್ತು. ಮೇವಿನಲ್ಲಿ ದೋಷವಿದ್ದರೆ ಎಲ್ಲವೂ ಸಾಯಬೇಕಿತ್ತು. ಸತ್ತದ್ದು ಬಾತುಗಳು ಮಾತ್ರ. ಬಾತುಗಳ ಮೇಲೆ ಸಿಟ್ಟು ಇದ್ದವರು ಒಬ್ಬರೇ. ನಾನು ಅವರೊಡನೆ ಮಾತು ಬಿಟ್ಟೆ. ಎದುರಿಗೆ ಬಂದರೆ ಮುಖ ತಿರುಗಿಸಿದೆ. ಅಂಗಡಿಯಲ್ಲಿ ಇಬ್ಬರು ಮೂವರ ಮುಂದೆ, ಕೆಲವರು ವಿಷ ಹಾಕಲೂ ಹೇಸುವುದಿಲ್ಲವೆಂದು ಹೆಸರೆತ್ತದೆ ಆಡಿದೆ. ಹೆಸರೆತ್ತದಿದ್ದರೂ ಅದು ಯಾರಿಗೆಂದು ಸಣ್ಣ ಊರಿನಲ್ಲಿ ಎಲ್ಲರಿಗೂ ತಿಳಿಯುತ್ತದೆ. ನನ್ನ ಹೆಂಡತಿ ಮಾತ್ರ, “ಕಣ್ಣಾರೆ ಕಾಣದ್ದನ್ನು ಆಡಬೇಡಿ” ಎಂದಳು. ಕೊನೆಯ ಬಾತುಮರಿಯನ್ನು ಕಾಗದದಲ್ಲಿ ಸುತ್ತಿ ಪಶುವೈದ್ಯರಲ್ಲಿಗೆ ಒಯ್ದವಳೂ ಅವಳೇ.

ವೈದ್ಯರು ಕೊಯ್ದು ನೋಡಿದರು. ಯಕೃತ್ತು ಬಿಳಿಚಿ ಊದಿ ಅಲ್ಲಲ್ಲಿ ರಕ್ತ ಕಟ್ಟಿತ್ತು. “ಮನೆಯಲ್ಲಿ ಕಡಲೆಕಾಯಿ ಹಿಂಡಿ ಹಾಕುತ್ತೀರಾ? ಬೂಷ್ಟು ಹಿಡಿದಿತ್ತೆ?” ಎಂದು ಕೇಳಿದರು. ಹಿಡಿದಿತ್ತು. ಮಳೆಗಾಲದಲ್ಲಿ ಚೀಲದ ಒಂದು ಮಗ್ಗುಲು ಹಸಿರಾಗಿತ್ತು. ಎಸೆಯಲು ಮನಸ್ಸಾಗದೆ ನಾನೇ ಅದನ್ನು ಬಿಸಿಲಿಗೆ ಒಣಗಿಸಿ, ಒರೆಸಿ, ಕುಟ್ಟಿ ಬಳಸಿದ್ದೆ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಕಾರಣ ತಿಳಿಯದೆ ಸತ್ತವು, ಬಾತುಮರಿಗಳೂ ಸತ್ತವು. ರೋಗಕ್ಕೆ ಹೆಸರು ತೋಚದೆ ‘ಟರ್ಕಿ ಎಕ್ಸ್’ ಎಂದು ಕರೆದರು. ಕೊನೆಗೆ ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಅದರ ಮೂಲ ಸಿಕ್ಕಿತು. ಹಿಂಡಿಗೆ ಹಿಡಿದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಸ್ರವಿಸುವ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಬಿಸಿಲಿಗೆ ಬೂಷ್ಟು ಒಣಗಬಹುದು, ವಿಷ ಉಳಿಯುತ್ತದೆ; ಅಡಿಗೆಯ ಬೆಂಕಿಗೂ ಅದು ಪೂರ್ತಿ ನಾಶವಾಗದು. ಕೋಳಿ ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಬಾತು, ಅದರಲ್ಲೂ ಮರಿ, ಅತ್ಯಲ್ಪ ಪ್ರಮಾಣಕ್ಕೇ ಬಲಿಯಾಗುತ್ತದೆ. ಎಷ್ಟರಮಟ್ಟಿಗೆಂದರೆ, ಆಹಾರದಲ್ಲಿ ಈ ವಿಷವಿದೆಯೇ ಎಂದು ಪರೀಕ್ಷಿಸಲು ವಿಜ್ಞಾನಿಗಳು ಆಗ ಎಳೆಯ ಬಾತುಮರಿಗಳನ್ನೇ ಬಳಸುತ್ತಿದ್ದರು.

ಎಲ್ಲಕ್ಕೂ ಒಂದೇ ತಟ್ಟೆ ಎಂಬ ನನ್ನ ನ್ಯಾಯವೇ ನನ್ನನ್ನು ಮೋಸಗೊಳಿಸಿತ್ತು. ಕೋಳಿ ಬದುಕಿದ್ದನ್ನು ಸಾಕ್ಷಿಯಾಗಿಟ್ಟುಕೊಂಡು ನಾನು ಒಬ್ಬ ನಿರಪರಾಧಿಯ ಮೇಲೆ ತೀರ್ಪು ಕೊಟ್ಟಿದ್ದೆ. ಸಂಜೆ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿ, ಅಂಗಡಿಯಲ್ಲಿ ಆಡಿದ ಮಾತನ್ನೂ ಬಿಡದೆ ಹೇಳಿ, ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಂಗಡೀಲಿ ಅಂದದ್ದು ನನ್ನ ಕಿವಿಗೂ ಬಿತ್ತು, ಮೇಷ್ಟ್ರೇ. ಬಾಯಿಲ್ಲದ ಪ್ರಾಣಿಗೆ ವಿಸ ಇಕ್ಕೋ ಮನ್ಸ ನಾನು ಅಂದ್ಕೊಂಡ್ರಲ್ಲ ಅಂತ ಬೇಜಾರಾಗಿತ್ತು. ಈಗ ನೀವೇ ಬಂದು ಹೇಳುದ್ರಿ, ಬುಡಿ” ಎಂದರು. ಒಳಗಿನಿಂದ ಕಾಫಿ ಬಂತು. ಆ ಕಾಫಿ ಗಂಟಲಲ್ಲಿ ಇಳಿಯುವುದು ಕಷ್ಟವಾಯಿತು. ಮರುದಿನ ಅಂಗಡಿಗೂ ಹೋಗಿ, ಅದೇ ಜನರ ಮುಂದೆ ನನ್ನ ತಪ್ಪನ್ನು ಹೇಳಿದೆ.

ಈ ಎರಡು ಹಕ್ಕಿಗಳ ವಂಶವನ್ನು ಹಿಂದಕ್ಕೆ ಹುಡುಕಿಕೊಂಡು ಹೋದರೆ ಅವು ಒಂದು ಕಾಲಕ್ಕೆ ಒಂದೇ ಮನೆಯವು. ಬೆಲ್ಜಿಯಮ್ ದೇಶದಲ್ಲಿ ದೊರೆತ, ಸುಮಾರು 6 ಕೋಟಿ 67 ಲಕ್ಷ ವರ್ಷಗಳಷ್ಟು ಹಳೆಯದಾದ ಒಂದು ಹಕ್ಕಿಯ ತಲೆಬುರುಡೆಯನ್ನು ವಿಜ್ಞಾನಿಗಳು 2020ರಲ್ಲಿ ಬಣ್ಣಿಸಿದರು. ಆಸ್ಟೀರಿಯಾರ್ನಿಸ್ ಎಂದು ಅದರ ಹೆಸರು. ಅದರಲ್ಲಿ ಕೋಳಿಯ ಲಕ್ಷಣವೂ ಬಾತಿನ ಲಕ್ಷಣವೂ ಕೂಡಿದ್ದವು. ಡೈನೊಸಾರ್‌ಗಳ ಕಾಲದಲ್ಲಿಯೇ ಪಾಲಾದ ಮನೆ ಇದು. ಒಂದು ಕವಲು ಕಾಡಿನ ಒಣನೆಲಕ್ಕೆ ಹೋಯಿತು: ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ, ಅದರ ಹಳದಿ ಕಾಲಿನ ಬಣ್ಣ ಮಾತ್ರ ನಮ್ಮ ಪಶ್ಚಿಮಘಟ್ಟಗಳಲ್ಲಿಯೂ ಕೂಗುವ ಬೂದು ಕಾಡುಕೋಳಿಯಿಂದ ಬಂದ ಬಳುವಳಿಯೆಂದು 2008ರಲ್ಲಿ ತಿಳಿದುಬಂತು. ಇನ್ನೊಂದು ಕವಲು ನೀರಿಗೆ ಇಳಿಯಿತು: ನಮ್ಮ ಹಿತ್ತಲಿನ ಬಾತಿನ ಮೂಲ, ಹಸಿರು ತಲೆಯ ಮಲ್ಲಾರ್ಡ್ ಎಂಬ ಕಾಡುಬಾತು. ಇಷ್ಟು ಹಿಂದೆ ಪಾಲಾದವರನ್ನು ಮತ್ತೆ ಕೂಡಿಸುವಾಗ ಪಾಲುಪತ್ರವನ್ನು ಮರೆಯಬಾರದು.

ಆದ್ದರಿಂದ ಈಗ ನಮ್ಮ ಹಿತ್ತಲಿನ ಏರ್ಪಾಡು ಹೀಗಿದೆ. ಹಗಲು ಎಲ್ಲವೂ ಒಟ್ಟಿಗೆ ತಿರುಗುತ್ತವೆ. ರಾತ್ರಿ ಕೋಳಿಗಳು ಎತ್ತರದ ಅಡ್ಡಗೋಲಿನ ಮೇಲೆ ಕೂರುತ್ತವೆ. ಬಾತುಗಳು ಬೇರೆ ಗೂಡಿನಲ್ಲಿ ಭತ್ತದ ಹೊಟ್ಟಿನ ಮೇಲೆ ಮಲಗುತ್ತವೆ. ಎರಡಕ್ಕೂ ಮುಂಗುಸಿ ನುಗ್ಗದ ಬಾಗಿಲು ಇದೆ. ಬಾತುಗಳು ಬೆಳಗಿನ ಜಾವದಲ್ಲಿ ಎಲ್ಲೆಂದರಲ್ಲಿ ಮೊಟ್ಟೆಯಿಡುವುದರಿಂದ ಅವುಗಳನ್ನು ಎಂಟು ಗಂಟೆಯವರೆಗೆ ಹೊರಬಿಡುವುದಿಲ್ಲ. ಕೋಳಿಗಳನ್ನು ಮುಂಚೆಯೇ ಬಿಡುತ್ತೇವೆ. ಬಾತಿಗೆ ಈಜುವ ಕೊಳ ಇಲ್ಲದಿದ್ದರೂ ನಡೆಯುತ್ತದೆ. ಮೂಗಿನ ಹೊಳ್ಳೆ ಮತ್ತು ಕಣ್ಣು ತೊಳೆದುಕೊಳ್ಳುವಷ್ಟು ಆಳದ ನೀರು ಮಾತ್ರ ಬೇಕೇ ಬೇಕು. ಆ ತೊಟ್ಟಿಯನ್ನು ಬಾಳೆಯ ಬುಡದಲ್ಲಿ ಇಟ್ಟಿದ್ದೇವೆ. ಚೆಲ್ಲಿದ ಕೊಳೆನೀರು ಬಾಳೆಗೆ ಗೊಬ್ಬರ. ಕೋಳಿಗಳ ನೀರು ಇನ್ನೊಂದು ಮೂಲೆಯ ಒಣ ಜಾಗದಲ್ಲಿದೆ. ಗಂಡುಬಾತು ಒಂದೇ ಇದೆ. ಎರಡಿದ್ದಾಗ ಒಂದು ಹೇಟೆಗಳ ಬೆನ್ನು ಹತ್ತಿ ಒಂದನ್ನು ಗಾಯಗೊಳಿಸಿತು. ಗಂಡುಬಾತಿಗೂ ಹುಂಜಕ್ಕೂ ಅಂಗರಚನೆಯೇ ಬೇರೆ. ಬಾತಿನ ಕೂಟ ಹೇಟೆಗೆ ಅಪಾಯಕರ. ಒಂದು ಗಂಡಿಗೆ ಐದಾರು ಹೆಣ್ಣುಬಾತುಗಳಿದ್ದರೆ ಅದು ತನ್ನ ಪಾಡಿಗೆ ಇರುತ್ತದೆ.

ರೋಗದ ಮಾತನ್ನೂ ಮರೆಮಾಚಬಾರದು. ರಾಣಿಖೇತ್, ನಮ್ಮವರು ಹೇಳುವ ಕೊಕ್ಕರೆ ರೋಗ, ಕೋಳಿಗಳನ್ನು ಗೂಡುಗಟ್ಟಲೆ ಒಯ್ಯುತ್ತದೆ. ಬಾತು ಸಾಮಾನ್ಯವಾಗಿ ಕಾಯಿಲೆ ಬೀಳದೆಯೇ ಅದರ ವಿಷಾಣುವನ್ನು ಹೊರಬಲ್ಲದು. ಹಕ್ಕಿಜ್ವರವೂ ಹಾಗೆಯೇ. ಭಾರತದಲ್ಲಿ ಅದು ಮೊದಲು ಕಾಣಿಸಿದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2012ರಲ್ಲಿ ಹೆಸರಘಟ್ಟಕ್ಕೂ ಬಂತು. ಆದಕಾರಣ ಕೋಳಿಗಳಿಗೆ ತಪ್ಪದೆ ಲಸಿಕೆ ಹಾಕಿಸುತ್ತೇವೆ. ವಲಸೆ ಹಕ್ಕಿಗಳಿಳಿಯುವ ಕೆರೆಗೆ ಬಾತುಗಳನ್ನು ಬಿಡುವುದಿಲ್ಲ. ಹೊಸ ಹಕ್ಕಿ ತಂದರೆ ಕೆಲವು ವಾರ ಬೇರೆ ಇಡುತ್ತೇವೆ. ಒಟ್ಟಿಗೆ ಸಾಕುವುದರಲ್ಲಿ ಈ ಅಪಾಯ ಇದ್ದೇ ಇದೆ. ಇಷ್ಟು ಎಚ್ಚರ ವಹಿಸಲಾರದವರು ಎರಡರಲ್ಲಿ ಒಂದನ್ನು ಮಾತ್ರ ಸಾಕುವುದು ಮೇಲು.

ಮುಂದಿನ ವರ್ಷದ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಜಪಾನಿನ ರೈತ ತಕಾವೊ ಫುರುನೊ 1988ರಿಂದ ನಾಟಿಯಾದ ಭತ್ತದ ಗದ್ದೆಗೆ ಬಾತುಮರಿಗಳನ್ನು ಬಿಟ್ಟು, ಕಳೆಯನ್ನೂ ಹುಳುವನ್ನೂ ಅವುಗಳಿಂದಲೇ ತೆಗೆಸುತ್ತಿದ್ದನೆಂದು ಓದಿದ್ದೆ. ಸಸಿಮಡಿಗೆ ಇಳಿದರೆ ಹಾಳುಮಾಡುವ ಬಾತು, ನಾಟಿ ಬೇರೂರಿದ ಮೇಲೆ ಅದೇ ಗದ್ದೆಗೆ ಉಪಕಾರ ಮಾಡುತ್ತದೆ. ತೆನೆ ಹೊರಡುವ ಮೊದಲು ಹೊರಗೆ ಕರೆಯಬೇಕು, ಅಷ್ಟೆ. ಪಕ್ಕದ ಯಜಮಾನರಿಗೆ ಇದನ್ನು ಹೇಳಲು ನನಗೆ ಧೈರ್ಯವಾಗಿರಲಿಲ್ಲ. ಮಾತಿನ ನಡುವೆ ನನ್ನ ಹೆಂಡತಿ ಹೇಳಿಬಿಟ್ಟಳು. ಅವರು ಏನೂ ಹೇಳದೆ ಹೋದರು.

ನಾಟಿಯಾದ ಮೂರು ವಾರಕ್ಕೆ ಒಂದು ಬೆಳಿಗ್ಗೆ ಬೇಲಿಯ ಆಚೆಯಿಂದ ಕೂಗು ಕೇಳಿತು: “ಮೇಷ್ಟ್ರೇ, ಬಾತು ಬುಡಿ ಈಕಡೀಕೆ. ಒಂದು ಗದ್ದೇಲಿ ನೋಡಾನ.” ಬೇಲಿಯ ಮುಳ್ಳು ಸರಿಸಿ ಬಾತುಗಳನ್ನು ಬಿಟ್ಟೆವು. ಅವು ಸಾಲಾಗಿ ಪೈರಿನ ನಡುವೆ ಇಳಿದವು. ಕೆಂಪು ಹೇಟೆ ಬದುವಿನವರೆಗೂ ಬಂದು ನಿಂತಿತು. ಈ ಸಲ ಕೂಗಲಿಲ್ಲ. ಒಣಗಿದ ಬದುವಿನ ಮೇಲೆ ಗೆದ್ದಲು ಕೆದರಿಕೊಂಡು, ಅವು ಹಿಂದಿರುಗುವವರೆಗೆ ಅಲ್ಲಿಯೇ ಇತ್ತು.